ಎಲುಬಿನ ಗುರುತುಗಳು ಮತ್ತು ನಮ್ಮ ಹುಳಿಮಣ್ಣು

(ಮೂಡಿಗೆರೆಯಲ್ಲಿ ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ಕಾಡಿನಲ್ಲಿ ಸತ್ತ ಪ್ರಾಣಿಯ ಎಲುಬು ಹಲವರಿಗೆ ಆಹಾರ. ಸೀಳುನಾಯಿ ಅದನ್ನು ಕಚ್ಚುತ್ತದೆ. ಮುಳ್ಳುಹಂದಿ ಸುಣ್ಣದ ಅಂಶಕ್ಕಾಗಿ ಕೆರೆಯುತ್ತದೆ. ಬೇರು ಅದರ ಮೇಲೆ ಹಬ್ಬುತ್ತದೆ. ಎಲ್ಲರೂ ತಮ್ಮ ತಮ್ಮ ಗುರುತು ಬಿಟ್ಟುಹೋಗುತ್ತಾರೆ. ಮಾಂಸಾಹಾರಿಯ ಹಲ್ಲು ಗುಳಿ ಬೀಳಿಸುತ್ತದೆ. ಮುಳ್ಳುಹಂದಿಯ ಬಾಚಿಹಲ್ಲು ಅಗಲವಾದ ಗೆರೆಗಳನ್ನು ಸಾಲಾಗಿ ಮೂಡಿಸುತ್ತದೆ. ಬೇರಿನ ಆಮ್ಲ ಕವಲೊಡೆದ ಸಣ್ಣ ಕಾಲುವೆಗಳನ್ನು ಕೊರೆಯುತ್ತದೆ. ಕಲ್ಲಿನ ಆಯುಧದ ಗೀರು ಕಿರಿದು, ಆಳ. ಬಹುಕಾಲ ಬಿಸಿಲಿಗೆ ಬಿದ್ದ ಎಲುಬು ಉದ್ದಕ್ಕೆ ಬಿರಿಯುತ್ತದೆ.

ಈ ಗುರುತುಗಳ ಕ್ರಮವೂ ಮುಖ್ಯ. ಹಲ್ಲಿನ ಗುಳಿಯ ಮೇಲೆ ಆಯುಧದ ಗೀರು ಹಾದುಹೋಗಿದ್ದರೆ, ಮೃಗ ಮೊದಲು ಉಂಡಿತು, ಮನುಷ್ಯ ಆಮೇಲೆ ಬಂದ ಎಂದರ್ಥ. ಆದರೆ ಅವಸರ ಸಲ್ಲದು. ಇಥಿಯೋಪಿಯಾದ ದಿಕಿಕದಲ್ಲಿ ಸಿಕ್ಕ 34 ಲಕ್ಷ ವರ್ಷ ಹಳೆಯ ಎರಡು ಎಲುಬುಗಳ ಗೀರುಗಳನ್ನು 2010ರಲ್ಲಿ ಆಯುಧದವೆಂದು ಪ್ರಕಟಿಸಿದಾಗ, ಅವು ಪ್ರಾಣಿಗಳ ತುಳಿತದಿಂದ ಆದವೆಂದು ಬೇರೆ ತಜ್ಞರು ವಾದಿಸಿದರು.

ನಮ್ಮ ನಾಡಿನಲ್ಲೂ ಇಂತಹ ಸಾಕ್ಷ್ಯವಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರ ತಂಡವು ಉತ್ಖನನ ನಡೆಸಿ, ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ನೆಲೆಯಲ್ಲಿ ದನಗಳನ್ನು ಕಡಿಯುತ್ತಿದ್ದ ಜಾಗವನ್ನು ಗುರುತಿಸಿತು. ಕಡಿದ ಗುರುತುಳ್ಳ ಎಲುಬು, ಪಕ್ಕದಲ್ಲೇ ಸುಟ್ಟ ಸಗಣಿಯ ಬೂದಿದಿಬ್ಬ. ಅಷ್ಟು ದೊಡ್ಡ ಹಿಂಡನ್ನು ಸಾಕಲು ಸುತ್ತ ವಿಸ್ತಾರವಾದ ಹುಲ್ಲುಗಾವಲು ಇರಲೇಬೇಕು. ಅದೇ ಸೀಮೆಯ ಇಸಾಂಪುರದಲ್ಲಿ ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ, ಆ ಶಿಲಾಯುಗದ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಲೆಕ್ಕ ಹಾಕಲಾಗಿದೆ.

ಅಲ್ಲಿ ಉಳಿದದ್ದು ಇಲ್ಲೇಕೆ ಉಳಿಯದು? ಅದು ಸುಣ್ಣಕಲ್ಲಿನ ಸೀಮೆ, ಮಳೆ ಕಡಿಮೆ. ಕಳಸ, ಮೂಡಿಗೆರೆಗಳಲ್ಲಿ ಸುರಿಯುವ ಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ದು ಅದನ್ನು ಹುಳಿಯಾಗಿಸುತ್ತದೆ. ಕಾಫಿತೋಟಕ್ಕೆ ನಾವು ಸುಣ್ಣ ಹಾಕುವುದು ಈ ಕಾರಣಕ್ಕೇ. ಎಲುಬಿನ ಜೀವಾಳವೂ ಸುಣ್ಣವೇ. ಹುಳಿಮಣ್ಣು ಅದನ್ನು ಕರಗಿಸುತ್ತದೆ. ಹೀಗಾಗಿ ಕಾಟಿ, ಕಡವೆ, ಹುಲಿಗಳು ಸಾವಿರಾರು ವರ್ಷ ಓಡಾಡಿದ ಈ ಬೆಟ್ಟಗಳಲ್ಲಿ ಅವುಗಳ ಲೆಕ್ಕ ಹೇಳುವ ಎಲುಬು ಸಿಗುವುದು ಬಲು ಅಪರೂಪ.

ಇಂದು ಒಂದು ಜೀವಿ ಇಲ್ಲಿಂದ ಮರೆಯಾದರೆ, ಅದು ಇತ್ತೆಂಬುದಕ್ಕೆ ನೆಲ ಸಾಕ್ಷಿ ಹೇಳದು. ಆ ಕೆಲಸ ನಮ್ಮದು. ತೋಟದ ಅಂಚಿನಲ್ಲಿ, ಶೋಲಾದಲ್ಲಿ, ಹಳ್ಳದ ದಂಡೆಯಲ್ಲಿ ಎಲುಬು ಕಂಡರೆ ದಿನಾಂಕ, ಜಾಗ, ಗುರುತುಗಳನ್ನು ಬರೆದಿಡಿ, ಚಿತ್ರ ತೆಗೆಯಿರಿ. ಎಲುಬನ್ನು ಮಾತ್ರ ಮನೆಗೆ ತರಬೇಡಿ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972 ಅದನ್ನು ಒಪ್ಪುವುದಿಲ್ಲ. ಮುಳ್ಳುಹಂದಿಗೂ ಅದು ಬೇಕು. ಪ್ರತಿ ಶಾಲೆಯಲ್ಲಿ ಇಂತಹದೊಂದು ಪುಸ್ತಕವಿರಲಿ. ಮುಂದಿನವರು ಈ ಕಾಡಿನಲ್ಲಿ ಏನಿತ್ತೆಂದು ಕೇಳಿದಾಗ ತೆರೆದು ತೋರಿಸಲು ಅದಾದರೂ ಉಳಿದಿರುತ್ತದೆ.