ಒಂದು ಚೀಲ ಗೊಬ್ಬರದ ಹಿಂದೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ಷೇರು, ಸಾಲ, ವಸೂಲಿ ಎಲ್ಲ ವರದಿಯಲ್ಲಿ ಅಚ್ಚಾಗಿದೆ. ನನಗೆ ಕೊಟ್ಟಿರುವ ವಿಷಯ ‘ಸರ್ಕಾರ, ಜಗತ್ತಿನ ರಾಜಕೀಯ ಮತ್ತು ರೈತ’. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವನಿಗೆ ಇದು ದೊಡ್ಡ ವಿಷಯವೇ. ಆದರೆ ನಮ್ಮ ಗೋದಾಮಿನ ಒಂದು ಚೀಲ ಗೊಬ್ಬರ ಎಲ್ಲಿಂದ ಬಂತು ಅಂತ ಕೇಳುತ್ತ ಹೋದರೆ ಇದು ನಮ್ಮ ನಿಮ್ಮೆಲ್ಲರಿಗೂ ತಿಳಿಯುವಂಥದ್ದೇ.

ಮೊದಲು ಪೊಟ್ಯಾಷ್ ನೋಡ್ರಿ. ನಾವು ಹೊಲಕ್ಕೆ ಹಾಕುವ ಕೆಂಪು ಪೊಟ್ಯಾಷ್ ಪೂರ್ತಿ ಹೊರದೇಶದ್ದು. ಜಗತ್ತಿನ ಪೊಟ್ಯಾಷಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೆನಡಾ, ರಷ್ಯಾ, ಬೆಲಾರೂಸ್ ಈ ಮೂರೇ ದೇಶಗಳ ಕೈಯಲ್ಲಿದೆ. ಬೆಲಾರೂಸಿಗೆ ಸಮುದ್ರವೇ ಇಲ್ಲ. ಅದರ ಮಾಲು ಪಕ್ಕದ ಲಿಥುವೇನಿಯಾದ ಬಂದರಿನ ಮೇಲೆ ಹೋಗುತ್ತಿತ್ತು. ರಾಜಕೀಯದ ಜಗಳದಲ್ಲಿ 2021ರಲ್ಲಿ ಯುರೋಪು, ಅಮೆರಿಕಾ ಬೆಲಾರೂಸಿನ ಮೇಲೆ ನಿರ್ಬಂಧ ಹೇರಿದವು. 2022ರ ಫೆಬ್ರವರಿ 1ರಿಂದ ಲಿಥುವೇನಿಯಾ ರೈಲು ದಾರಿಯನ್ನೇ ಮುಚ್ಚಿತು. ಅದೇ ತಿಂಗಳ 24ರಂದು ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ಗುಂಡು ಅಲ್ಲಿ ಹಾರಿತು, ಪೊಟ್ಯಾಷಿನ ಧಾರಣೆ ಇಲ್ಲಿ ಏರಿತು.

ಡಿ.ಎ.ಪಿ.ಯದೂ ಅದೇ ಕಥೆ. ಅದಕ್ಕೆ ಬೇಕಾದ ರಂಜಕದ ಕಲ್ಲು ಅತಿ ಹೆಚ್ಚು ಇರುವುದು ಆಫ್ರಿಕಾದ ಮೊರಾಕ್ಕೋದಲ್ಲಿ. ಸಿದ್ಧ ಡಿ.ಎ.ಪಿ.ಯನ್ನು ಚೀನಾದಿಂದಲೂ ತರಿಸುತ್ತಿದ್ದೆವು. 2021ರ ಅಕ್ಟೋಬರಿನಲ್ಲಿ ಚೀನಾ ಸರ್ಕಾರ ತನ್ನ ರೈತರಿಗೆ ಕಡಿಮೆ ಬೀಳಬಾರದು ಅಂತ ರಫ್ತನ್ನು ಬಿಗಿ ಮಾಡಿತು. ಅವರ ರೈತರ ಹಿತ ಅವರು ನೋಡಿಕೊಂಡರು, ತಪ್ಪು ಅನ್ನಲಾರೆ. ಆದರೆ ಕೊರತೆ ಅನುಭವಿಸಿದವರು ನಾವು.

ಯೂರಿಯಾ ನಮ್ಮಲ್ಲೇ ಆಗುತ್ತದಲ್ಲ ಅಂತ ಕೆಲವರು ಕೇಳಬಹುದು. ಹೌದು, ಮಂಗಳೂರಿನ ಪಣಂಬೂರಿನಲ್ಲಿ ಕಾರ್ಖಾನೆ ಇದೆ. ಮೊದಲು ಅದು ನಾಫ್ತಾದಿಂದ ನಡೆಯುತ್ತಿತ್ತು. ಆಮೇಲೆ ಕೊಚ್ಚಿಯಿಂದ ಕೊಳವೆಯಲ್ಲಿ ಅನಿಲ ಬರುವಂತಾಯಿತು. ಆ ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಕೊಚ್ಚಿಗೆ ಆ ಅನಿಲ ಬರುವುದು ಹೊರದೇಶದಿಂದ, ಹಡಗಿನಲ್ಲಿ. ಅಂದರೆ ಕಾರ್ಖಾನೆ ನಮ್ಮದು, ಒಲೆಯ ಸೌದೆ ಬೇರೆಯವರದು.

ಇನ್ನು ನಮ್ಮ ಸರ್ಕಾರದ ಪಾತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. 2021ರ ಮೇ ತಿಂಗಳಲ್ಲಿ ಡಿ.ಎ.ಪಿ. ಚೀಲದ ನಿಜವಾದ ಖರ್ಚು ರೂ. 2,400ಕ್ಕೆ ಮುಟ್ಟಿತ್ತು. ಕೇಂದ್ರ ಸರ್ಕಾರ ಸಹಾಯಧನವನ್ನು ರೂ. 500ರಿಂದ 1,200ಕ್ಕೆ ಏರಿಸಿ, ರೈತನಿಗೆ 1,200ಕ್ಕೇ ಸಿಗುವಂತೆ ಮಾಡಿತು. 2022ರ ಏಪ್ರಿಲಿನಲ್ಲಿ ಚೀಲಕ್ಕೆ ರೂ. 2,501 ಸಹಾಯಧನ ಕೊಟ್ಟಿತು. ನಾವು ಕೊಟ್ಟದ್ದು 1,350. ಆ ಒಂದೇ ವರ್ಷ ಗೊಬ್ಬರದ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿಯಾಯಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಇದರಲ್ಲಿ ಇನ್ನೊಂದು ಮುಖವೂ ಇದೆ. 1992ರ ಆಗಸ್ಟಿನಲ್ಲಿ ರಂಜಕ, ಪೊಟ್ಯಾಷಿನ ಬೆಲೆಯ ಹಿಡಿತವನ್ನು ಸರ್ಕಾರ ಸಡಿಲ ಬಿಟ್ಟಿತು, ಯೂರಿಯಾದ್ದನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಯೂರಿಯಾ ಅಗ್ಗ, ಉಳಿದದ್ದು ತುಟ್ಟಿ. ಅಗ್ಗ ಅಂತ ನಾವು ಯೂರಿಯಾ ಸುರಿದೆವು. ಬೆಳೆ ಹಸಿರಾಗಿ ಕಂಡಿತು, ಮಣ್ಣು ಸೊರಗಿತು. ದೆಹಲಿಯ ಒಂದು ಆದೇಶ ನಮ್ಮ ಹೊಲದ ಮಣ್ಣಿನ ಗುಣವನ್ನೇ ಬದಲಿಸುತ್ತದೆ. ಸರ್ಕಾರದ ಶಕ್ತಿ ಅಂದರೆ ಇದು.

ಹಾಗಾದರೆ ರಾಸಾಯನಿಕ ಗೊಬ್ಬರವೇ ಬೇಡ ಅನ್ನೋಣವೇ? ಶ್ರೀಲಂಕಾ ಅದನ್ನೂ ಮಾಡಿ ನೋಡಿತು. 2021ರ ಮೇ ತಿಂಗಳಲ್ಲಿ ಅಲ್ಲಿನ ಅಧ್ಯಕ್ಷರು ಒಂದೇ ಆದೇಶದಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಸಾವಯವ ಒಳ್ಳೆಯದೇ. ಆದರೆ ತಿಪ್ಪೆ ಒಂದು ರಾತ್ರಿಯಲ್ಲಿ ತುಂಬುವುದಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು, ನವೆಂಬರಿನಲ್ಲಿ ಆದೇಶ ಹಿಂದಕ್ಕೆ ಪಡೆದರು. ಮೊದಲೇ ವಿದೇಶಿ ಹಣವಿಲ್ಲದೆ ಬಸವಳಿದಿದ್ದ ದೇಶ ಅದು. 2022ರ ಜುಲೈನಲ್ಲಿ ಜನ ದಂಗೆಯೆದ್ದು ಅಧ್ಯಕ್ಷರೇ ದೇಶ ಬಿಟ್ಟು ಓಡಬೇಕಾಯಿತು.

ಬಹಳ ದೂರ ಹೋಗುವುದೂ ಬೇಡ. 2008ರಲ್ಲಿ ಜಗತ್ತಿನಲ್ಲೆಲ್ಲ ಗೊಬ್ಬರದ ಬೆಲೆ ಗಗನಕ್ಕೇರಿತ್ತು. ಆ ಜೂನ್ 10ರಂದು ನಮ್ಮ ಹಾವೇರಿಯಲ್ಲಿ ಗೊಬ್ಬರ ಕೊಡಿ ಅಂತ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಅವರು ಕೇಳಿದ್ದು ಪುಕ್ಕಟೆಯಲ್ಲ, ದುಡ್ಡು ಕೊಟ್ಟು ಕೊಳ್ಳುವ ಗೊಬ್ಬರ. ಸಹಾಯಧನ ಎಷ್ಟೇ ಇರಲಿ, ಮಳೆ ಬಿದ್ದಾಗ ಚೀಲ ಕೈಗೆ ಸಿಗದಿದ್ದರೆ ರೈತನಿಗೆ ಅದು ಕಾಗದದ ಮೇಲಿನ ಲೆಕ್ಕ ಅಷ್ಟೆ. ಈ ಮಾತನ್ನು ಸಂಘ ಯಾವತ್ತೂ ಮರೆಯಬಾರದು.

ಯುದ್ಧ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ದೂರದ ಜಗಳದಿಂದ ಆದ ಕೊರತೆ ಕೊನೆಗೆ ಬಂದು ನಿಲ್ಲುವುದು ನಮ್ಮ ಗೋದಾಮಿನ ಬಾಗಿಲಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ ಆಗಬಾರದು. ಆ ಬಾಗಿಲು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೇ ಮೂರು ವಿಚಾರ ಸಭೆಯ ಮುಂದಿಡುತ್ತೇನೆ.

ಒಂದು, ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ರೋಹಿಣಿ ಮಳೆಗೆ ಮುಂಚೆಯೇ ಬೇಡಿಕೆ ಪಟ್ಟಿ ಮಾಡಿ, ಸಂಘದ ಹಣದಿಂದ ಆದಷ್ಟು ದಾಸ್ತಾನು ತರಿಸೋಣ.

ಎರಡು, ಬಂದ ಚೀಲ ಎಷ್ಟು, ಹೋದದ್ದು ಎಷ್ಟು ಅಂತ ದಿನಾ ಬೋರ್ಡಿನ ಮೇಲೆ ಬರೆಯೋಣ. ಕೊರತೆ ಬಂದರೆ ಪಹಣಿ ನೋಡಿ, ಎಕರೆ ಲೆಕ್ಕದಲ್ಲಿ, ಎರಡು ಎಕರೆಯವನಿಗೆ ಮೊದಲು ಕೊಡೋಣ. ನಿರ್ದೇಶಕರೂ ಸಾಲಿನಲ್ಲೇ ನಿಲ್ಲಬೇಕು. ಇದಕ್ಕೆ ಕೆಲವರಿಗೆ ಬೇಸರವಾಗಬಹುದು, ಆಗಲಿ.

ಮೂರು, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕೋಣ. ತಿಪ್ಪೆ, ಹಸಿರೆಲೆ ಗೊಬ್ಬರವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಹೆಚ್ಚಿಸೋಣ. ನಾವು ಉಳಿಸಿದ ಒಂದೊಂದು ಚೀಲವೂ ಪರದೇಶದ ಹಂಗನ್ನು ಅಷ್ಟು ಕಡಿಮೆ ಮಾಡುತ್ತದೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತ ಸಾಹುಕಾರನ ಬಡ್ಡಿಗೆ ಸಿಕ್ಕಿದ್ದ. ಈಗ ಅವನ ಕಷ್ಟಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ದೂರ ಹೋಗಿದೆ. ಒಬ್ಬೊಬ್ಬರೇ ಎದುರಿಸಲು ಆಗುವುದಿಲ್ಲ ಅನ್ನುವುದು ಮಾತ್ರ ಅಂದಿಗೂ ನಿಜ, ಇಂದಿಗೂ ನಿಜ.



ಜೈ ಹಿಂದ್! ಜೈ ಕರ್ನಾಟಕ! ಜೈ ಸಹಕಾರ!