ಬೆಟ್ಟದ ಕಸ ಬೆಟ್ಟದಲ್ಲೇ ಉಳಿಯುವುದಿಲ್ಲ

(ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಸೀಮೆಯಲ್ಲಿ ಒಂದು ಹಳೆಯ ಮಾತಿದೆ: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ಯಾಣಕ್ಕೆ ಹೋಗುವವನಿಗೆ ಕಾಲಿನಲ್ಲಿ ಕಸುವು ಬೇಕಿತ್ತು, ಕಾಡಿನ ಭಯವನ್ನು ಮೀರುವ ಎದೆಗಾರಿಕೆ ಬೇಕಿತ್ತು. ಆ ಕಡಿದಾದ ಕಾಲುದಾರಿಯೇ ಯಾಣದ ಕಾವಲುಗಾರನಾಗಿತ್ತು. 'ನಮ್ಮೂರ ಮಂದಾರ ಹೂವೇ' ಚಲನಚಿತ್ರ ಯಾಣವನ್ನು ನಾಡಿಗೆಲ್ಲ ತೋರಿಸಿತು. ರಸ್ತೆ ಬಂತು, ವಾಹನಗಳು ಶಿಲೆಗಳ ಸಮೀಪದವರೆಗೆ ಬಂದವು. ರಸ್ತೆಯಾದದ್ದು ತಪ್ಪಲ್ಲ, ಹಳ್ಳಿಯ ರೋಗಿಗೂ ಶಾಲೆಯ ಮಗುವಿಗೂ ರಸ್ತೆ ಬೇಕು. ಆದರೆ ಹಳೆಯ ಕಾವಲುಗಾರ ಹೋದ ಮೇಲೆ ಆ ಸ್ಥಾನದಲ್ಲಿ ನಾವು ಯಾರನ್ನು ನಿಲ್ಲಿಸಿದ್ದೇವೆ? ಇಂದು ನಾವು ವಿಚಾರ ಮಾಡಬೇಕಾದದ್ದು ಇದನ್ನೇ.

ಕಾವಲಿಲ್ಲದ ದಾರಿಗೆ ಏನಾಗುತ್ತದೆಂಬುದನ್ನು ಕುಮಾರಪರ್ವತ ತೋರಿಸಿಕೊಟ್ಟಿದೆ. ಪುಷ್ಪಗಿರಿ ವನ್ಯಜೀವಿಧಾಮದ ಈ ಶಿಖರದ ಎತ್ತರ 1,712 ಮೀಟರ್. 2024ರಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಂದು ಮೂರು ದಿನಗಳ ಬಿಡುವು ಒಟ್ಟಿಗೆ ಸಿಕ್ಕಿತು. ಸಾವಿರಾರು ಚಾರಣಿಗರು ಒಮ್ಮೆಲೇ ಬಂದು ಸೇರಿದರು. ಜಾತ್ರೆಯ ಸಾಲಿನಂತೆ ಜನ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ಕೆಲವೇ ದಿನಗಳಲ್ಲಿ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣ ಪಥಗಳನ್ನೆಲ್ಲ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ಹೊಸ ನೋಂದಣಿ ವ್ಯವಸ್ಥೆ ಬಂತು. ಒಂದು ಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿಯೂ ಬಂತು.

ಮಿತಿ ಸರಿಯಾದ ಹೆಜ್ಜೆ. ಕಿರಿದಾದ ದಾರಿಯಲ್ಲಿ ಜನ ಹೆಚ್ಚಾದರೆ ಅವರು ಪಕ್ಕದ ಹುಲ್ಲನ್ನು ತುಳಿದು ನಡೆಯುತ್ತಾರೆ. ತುಳಿದ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಮುಂದಿನ ಮಳೆಗೆ ಅದೇ ದಾರಿ ಕೊರಕಲಾಗುತ್ತದೆ. ಯಾಣದ ಕಲ್ಲುಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಅದಕ್ಕೆ ಗದ್ದಲವೂ ಆಗದು, ಹೊಗೆಯೂ ಆಗದು. ಹೀಗೆ ಬೆಟ್ಟಕ್ಕೂ ಒಂದು ಧಾರಣಾಶಕ್ತಿಯಿದೆ. ಆದರೆ ತಲೆ ಎಣಿಸಿದರಷ್ಟೇ ಸಾಲದು. ಮುನ್ನೂರು ಜನ ತಲಾ ಎರಡು ಬಾಟಲಿ ಒಯ್ದು ಮೇಲೆಯೇ ಬಿಟ್ಟು ಬಂದರೆ ಒಂದೇ ದಿನಕ್ಕೆ ಆರುನೂರು ಬಾಟಲಿಗಳಾದವು. ಮೇಲೆ ಹೋದ ವಸ್ತು ಕೆಳಗಿಳಿಯಿತೇ ಎಂದು ಎಣಿಸುವವರು ಬೇಕು.

ಜಗತ್ತಿನ ಅತಿ ಎತ್ತರದ ಶಿಖರದಲ್ಲೂ ಇದೇ ಪಾಠವಿದೆ. ಸಗರಮಾಥಾ ಎಂದು ನೇಪಾಳಿಗರು ಕರೆಯುವ ಎವರೆಸ್ಟ್‌ನ ತುದಿಯನ್ನು 1953ರಲ್ಲಿ ಇಬ್ಬರು ಮುಟ್ಟಿದ್ದರು. 2019ರ ಮೇ ತಿಂಗಳಲ್ಲಿ ಅದೇ ತುದಿಯ ಕೆಳಗೆ ಆರೋಹಿಗಳು ಸರದಿಗಾಗಿ ಸಾಲುಗಟ್ಟಿ ನಿಂತಿದ್ದರು. ಪ್ರತಿ ಆರೋಹಿಯೂ 8 ಕಿಲೋ ಕಸವನ್ನು ಕೆಳಗೆ ತರಬೇಕು, ತಪ್ಪಿದರೆ ತಂಡದ ಠೇವಣಿ ಮುಟ್ಟುಗೋಲು ಎಂದು ನೇಪಾಳ 2014ರಲ್ಲಿ ನಿಯಮ ಮಾಡಿತು. ಕಸ ಕೆಳಗೆ ಬಂತು, ನಿಜ. ಆದರೆ ಬಹುಪಾಲು ಬಂದದ್ದು ಕೆಳಗಿನ ಶಿಬಿರಗಳದ್ದು. ತೂಕ ತುಂಬಿದರೆ ಸಾಕಾಗಿತ್ತು. ಎತ್ತರದ ಶಿಬಿರಗಳ ಹರಿದ ಗುಡಾರ, ಖಾಲಿ ಡಬ್ಬಿಗಳು ಅಲ್ಲಿಯೇ ಉಳಿದವು. ಯಾರದ್ದೋ ಕಸವನ್ನು ತೂಗಿದರೆ ಆಗದು, ಅವರವರು ಒಯ್ದದ್ದನ್ನು ಅವರವರೇ ಮರಳಿ ತರಬೇಕು ಎಂಬುದು ಇದರ ಪಾಠ.

ಹಿಮಾಲಯಕ್ಕೂ ಸಹ್ಯಾದ್ರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಹಿಮವು ಕಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಮಳೆ ಹಿಡಿದಿಡುವುದಿಲ್ಲ, ಹೊತ್ತೊಯ್ಯುತ್ತದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಎಸೆದ ಪೊಟ್ಟಣ ಮೊದಲ ಜಡಿಮಳೆಗೆ ಚಂಡಿಕಾ ಹೊಳೆಗೆ ಬೀಳುತ್ತದೆ; ಚಂಡಿಕಾ ಹೊಳೆ ಅಘನಾಶಿನಿಯನ್ನು ಸೇರುತ್ತದೆ; ಅಣೆಕಟ್ಟಿಲ್ಲದ ಅಘನಾಶಿನಿ ಅದನ್ನು ನೇರ ಅಳಿವೆಗೆ ತಂದು ಹಾಕುತ್ತದೆ. ಅಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ, ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಗಜನಿಗಳಿವೆ. ಚಾರಣ ಪಥಗಳನ್ನು ಮುಚ್ಚಿದ ಆ ದಿನಗಳಲ್ಲೇ, 2024ರ ಜನವರಿಯ ಕೊನೆಗೆ, ಇದೇ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಅಳಿವೆಗೆ ಗೌರವ ಕೊಟ್ಟು ಅದರ ತಲೆಯ ಮೇಲಿನ ಬೆಟ್ಟವನ್ನು ಕಡೆಗಣಿಸಿದರೆ ಆ ಗೌರವಕ್ಕೆ ಅರ್ಥವುಂಟೇ? ಹೊನ್ನಾವರದ ಶರಾವತಿಗೂ, ಭಟ್ಕಳದ ವೆಂಕಟಾಪುರ ಹೊಳೆಗೂ ಇದೇ ಮಾತು ಸಲ್ಲುತ್ತದೆ. ಘಟ್ಟದ ಮೇಲಿನವರ ಕಸ ಕಡಲ ಮೀನುಗಾರನ ಬಲೆಗೆ ಬರುತ್ತದೆ. ಆದ್ದರಿಂದ ಇದು ಬೆಟ್ಟದ ಊರುಗಳೊಂದರ ಪ್ರಶ್ನೆಯಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನೆರೆಯ ನೀಲಗಿರಿಯನ್ನು ನೋಡೋಣ. ಪ್ರವಾಸಿಗರು ಕಾಡಿನಲ್ಲಿ ಎಸೆದ ಮದ್ಯದ ಬಾಟಲಿಗಳು ಒಡೆದು ಆನೆಗಳ ಕಾಲಿಗೆ ಗಾಯ ಮಾಡುತ್ತಿದ್ದವು. ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಆ ಹಣ ಹಿಂದಿರುಗಿಸತೊಡಗಿದವು. ಎಸೆದ ಬಾಟಲಿಗೂ ಬೆಲೆ ಬಂದಾಗ ಅದನ್ನು ಹೆಕ್ಕುವ ಕೈಗಳೂ ಬಂದವು. ಉಪದೇಶ ಮಾಡಲಾರದ್ದನ್ನು ಹತ್ತು ರೂಪಾಯಿ ಮಾಡಿತು.

ಇದನ್ನೇ ನಮ್ಮ ದಾರಿಗಳ ಬುಡದಲ್ಲಿ ಮಾಡಲು ಸಾಧ್ಯವಿದೆ. ಗ್ರಾಮ ಪಂಚಾಯತಿಯೂ ಗ್ರಾಮ ಅರಣ್ಯ ಸಮಿತಿಯೂ ಕೂಡಿ, ಮೇಲೆ ಹೋಗುವ ಪ್ರತಿ ಬಾಟಲಿ, ಪೊಟ್ಟಣಕ್ಕೆ ಗುರುತು ಹಚ್ಚಿ ಠೇವಣಿ ಪಡೆಯಲಿ. ಗುರುತಿನ ವಸ್ತುವನ್ನೇ ತಂದು ತೋರಿಸಿದರೆ ಮಾತ್ರ ಹಣ ಮರಳಲಿ. ಮರಳದೆ ಉಳಿದ ಹಣ ಕಸ ಹೆಕ್ಕುವ ಊರಿನ ಮಹಿಳೆಯರ ಕೂಲಿಗೆ ಸಲ್ಲಲಿ. ಅಂಗಡಿಗಳಲ್ಲಿ ಬಾಟಲಿ ನೀರಿನ ಬದಲು ಮಜ್ಜಿಗೆ, ಬೆಲ್ಲ-ನೀರು, ಮುರುಗಲು ಪಾನಕಗಳನ್ನು ಲೋಟದಲ್ಲಿ ಕೊಡಲಿ. ಬಂದವರು ತಮ್ಮ ಬಾಟಲಿಗೆ ನೀರು ತುಂಬಿಕೊಳ್ಳಲು ವ್ಯವಸ್ಥೆಯಿರಲಿ. ಶೌಚಾಲಯವಿಲ್ಲದ ಕಡೆ ಜನರನ್ನು ಬಿಡುವುದೆಂದರೆ ಕೆಳಗಿನ ಊರಿನ ನೀರನ್ನು ಕೆಡಿಸಿದಂತೆಯೇ.

ಮಿತಿ ಹಾಕಿದರೆ ಅಂಗಡಿಯವರ ಹೊಟ್ಟೆಪಾಡೇನು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದರೆ ನಾವಾಗಿ ಮಿತಿ ಹಾಕಿಕೊಳ್ಳದಿದ್ದರೆ ಹೊರಗಿನಿಂದ ನಿಷೇಧ ಬರುತ್ತದೆ. ನಿಷೇಧ ಬಂದ ದಿನ ನಗರದ ಚಾರಣಿಗ ಬೇರೆ ಬೆಟ್ಟಕ್ಕೆ ಹೋಗುತ್ತಾನೆ. ಬುಡದಲ್ಲಿ ಊಟ, ಚಹಾ ಮಾರುವವರಿಗೆ ಬೇರೆ ಬೆಟ್ಟವಿಲ್ಲ. ಮೂರು ರಜಾದಿನಗಳ ಜಾತ್ರೆಗಿಂತ ವರ್ಷವಿಡೀ ಹದವಾಗಿ ಬರುವ ಜನರೇ ಊರಿಗೆ ಲಾಭ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಕಸ ಹೆಕ್ಕಿ ಛಾಯಾಚಿತ್ರ ತೆಗೆಸಿಕೊಂಡರೆ ಸಾಲದು. ಹೆಕ್ಕಿದ್ದನ್ನು ಎಣಿಸಿ ಬರೆದಿಡಿ. ಯಾವ ಬಗೆಯದು, ಯಾವ ಕಂಪನಿಯದು, ಯಾವ ತಿರುವಿನಲ್ಲಿ ಸಿಕ್ಕಿತು? ಪ್ಲಾಸ್ಟಿಕ್ ಹೊದಿಕೆಯನ್ನು ಮಾರುಕಟ್ಟೆಗೆ ಬಿಟ್ಟವರ ಮೇಲೂ ಅದನ್ನು ಹಿಂಪಡೆಯುವ ಹೊಣೆಯನ್ನು ಕಾನೂನು ಹೊರಿಸಿದೆ. ನಿಮ್ಮ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. ಬರೆದಿಟ್ಟ ಲೆಕ್ಕವನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಹೊನ್ನಾವರದ ಕರಿಕಾನ ಪರಮೇಶ್ವರಿಯ ಬೆಟ್ಟದಲ್ಲಿ ಇಂದಿಗೂ ಮುಗಿಲೆತ್ತರದ ಮರಗಳು ನಿಂತಿದ್ದರೆ, ಅದಕ್ಕೆ ಅರಣ್ಯ ಕಾನೂನಿಗಿಂತ ಮೊದಲೇ ಹಿರಿಯರು ಹಾಕಿಕೊಂಡ ಕಟ್ಟುಪಾಡು ಕಾರಣ. ದೇವರ ಕಾನಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಊರೇ ತೀರ್ಮಾನಿಸಿತ್ತು. ಅಂಥ ತೀರ್ಮಾನ ಈಗ ಚಾರಣದ ದಾರಿಗಳಿಗೆ ಬೇಕಾಗಿದೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಪ್ರತಿ ಊರೂ ತನ್ನ ಒಂದು ದಾರಿಯನ್ನು ಆರಿಸಿಕೊಂಡು, ಅಲ್ಲಿನ ಕಸವನ್ನು ಕೆಳಗಿಳಿಸಿ, ದಿನಕ್ಕೆ ಎಷ್ಟು ಜನರೆಂದು ಗ್ರಾಮಸಭೆಯಲ್ಲಿ ಠರಾವು ಮಾಡಲಿ. ಮಳೆ ಬಂದ ಮೇಲೆ ಹೆಕ್ಕಲು ಬೆಟ್ಟದಲ್ಲಿ ಏನೂ ಉಳಿದಿರುವುದಿಲ್ಲ. ಅದಾಗಲೇ ಅಳಿವೆಯನ್ನು ಸೇರಿರುತ್ತದೆ.