ವಿದ್ಯಾರ್ಥಿ ಸೇವೆಯ ಗೌರವ: ಗಂಟೆಯ ಲೆಕ್ಕವೂ ಊರಿನ ಸಾಕ್ಷಿಯೂ



ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳ ಕಾಲೇಜಿನವರು ಸೇರಿರುವ ಸಭೆಯಲ್ಲಿ ದತ್ತಿ ಉಪನ್ಯಾಸ ಕೊಡಲು ಕರೆ ಬಂದದ್ದು ನನಗೆ ಸಂದ ದೊಡ್ಡ ಗೌರವ. ದತ್ತಿಗೆ ಹೆಸರಾದ ಹಿರಿಯರ ಪರಿಚಯ ಪುಸ್ತಿಕೆಯ ಮೊದಲ ಪುಟದಲ್ಲೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಸಮಾಜಸೇವೆ ಮಾಡಿದ ಕಾಲೇಜು ಮಕ್ಕಳನ್ನು ಗುರುತಿಸುವ ವಿಷಯವನ್ನೇ ಇಂದಿನ ಮಾತಿಗೆ ಆರಿಸಿಕೊಂಡರೆ ಅವರ ಹೆಸರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ ಎಂದು ನಂಬಿದ್ದೇನೆ.

ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಚರಿತ್ರೆ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ, ಬೇಗ ದಾಟಿಬಿಡೋಣ. ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ರಾಷ್ಟ್ರಸೇವೆಗೆ ಇಳಿಯಬೇಕೆಂದು 1948-49ರ ರಾಧಾಕೃಷ್ಣನ್ ಆಯೋಗ ಹೇಳಿತು. ಇಪ್ಪತ್ತು ವರ್ಷ ಸಮಿತಿಗಳಲ್ಲಿ ಸುತ್ತಿದ ಆ ಮಾತು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಯೋಜನೆಯಾಗಿ ಶುರುವಾಯಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಒಂದು ದತ್ತು ಗ್ರಾಮ, ಏಳು ದಿನದ ವಿಶೇಷ ಶಿಬಿರ: ಚೌಕಟ್ಟು ಇಷ್ಟು. ಬೆಳ್ಳಿಹಬ್ಬದ 1993-94ರಲ್ಲಿ ರಾಷ್ಟ್ರಪ್ರಶಸ್ತಿಗಳು ಬಂದವು. ಈಗ ಇಡೀ ದೇಶದಿಂದ 30 ಸ್ವಯಂಸೇವಕರಿಗೆ ತಲಾ ಒಂದು ಲಕ್ಷ ರೂಪಾಯಿ, ಬೆಳ್ಳಿ ಪದಕ, ಪ್ರಮಾಣಪತ್ರ ಸಿಗುತ್ತವೆ. ರಾಜ್ಯಮಟ್ಟದಲ್ಲೂ ಇಂಥ ಪ್ರಶಸ್ತಿಗಳಿವೆ. ಇದಕ್ಕಿಂತ ಹೆಚ್ಚಿನ ವಿವರ ಬೇಕಾದವರು ತಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿಗಳನ್ನು ಕೇಳಬಹುದು.

ನನ್ನ ತಕರಾರು ಇರುವುದು ಬೇರೆ ಕಡೆ. ಒಬ್ಬ ವಿದ್ಯಾರ್ಥಿ ಒಂದು ಊರಿಗೆ ಒಳ್ಳೆಯದು ಮಾಡಿದ ಎಂದು ಹೇಳಬೇಕಾದವರು ಯಾರು? ಈಗಿನ ಪದ್ಧತಿಯಲ್ಲಿ ಹೇಳುವುದು ಕಾಲೇಜು. ಕಾರ್ಯಕ್ರಮಾಧಿಕಾರಿ ವರದಿ ಬರೆಯುತ್ತಾರೆ, ಪ್ರಾಂಶುಪಾಲರು ಸಹಿ ಹಾಕುತ್ತಾರೆ, ವಿಶ್ವವಿದ್ಯಾಲಯ ಮುಂದಕ್ಕೆ ಕಳಿಸುತ್ತದೆ. ಕಡತದ ತುಂಬ ಎಣಿಸಬಹುದಾದ ಸಂಗತಿಗಳು: ಎಷ್ಟು ಗಂಟೆ, ಎಷ್ಟು ಸಸಿ, ಎಷ್ಟು ಬಾಟಲಿ ರಕ್ತ, ಎಷ್ಟು ಶಿಬಿರ, ಎಷ್ಟು ಜಾಥಾ. ಈ ಎಣಿಕೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಇನ್ನಷ್ಟು ಕುಮ್ಮಕ್ಕು ಕೊಟ್ಟಿದೆ. ಅದರ ಮೂರನೆಯ ಮಾನದಂಡದಲ್ಲಿ ವಿಸ್ತರಣಾ ಚಟುವಟಿಕೆಗಳ ಸಂಖ್ಯೆಗೂ ಅವುಗಳಿಗೆ ಬಂದ ಪ್ರಶಸ್ತಿಗಳಿಗೂ ಅಂಕವಿರುವುದರಿಂದ, ಫೋಟೊ ತೆಗೆದುಕೊಳ್ಳದೆ ಮಾಡಿದ ಕೆಲಸ ಕಾಲೇಜಿನ ಪಾಲಿಗೆ ಮಾಡದ ಕೆಲಸವೇ. ಇಷ್ಟೆಲ್ಲ ಕಾಗದದಲ್ಲಿ ದತ್ತು ಗ್ರಾಮದವರ ಒಂದು ಮಾತಾದರೂ ಇದೆಯೇ? ಬ್ಯಾನರಿನ ಹಿಂದೆ ನಿಂತ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮುಖ ಇರುತ್ತದೆ. ಸೇವೆ ಪಡೆದವರನ್ನು ಸಾಕ್ಷಿ ಕೇಳದೆ ಸೇವೆಗೆ ಪದಕ ಕೊಡುವ ಈ ಕ್ರಮ ತಪ್ಪು ಎಂಬುದೇ ನನ್ನ ವಾದ. ನಮ್ಮ ಮೂರು ತಾಲ್ಲೂಕುಗಳನ್ನೇ ಇಟ್ಟುಕೊಂಡು ಅದನ್ನು ತೋರಿಸುತ್ತೇನೆ.

ಮೊದಲು ಕೆರೆ. ಬಾಬಾಬುಡನ್‌ಗಿರಿಯ ನೀರು ಸಖರಾಯಪಟ್ಟಣದ ಅಯ್ಯನಕೆರೆಗೂ ಎಮ್ಮೆದೊಡ್ಡಿಯ ಮದಗದ ಕೆರೆಗೂ ಬಂದು, ಮುಂದೆ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಈ ಎರಡು ದೊಡ್ಡ ಕೆರೆಗಳ ಆಚೆ, ಯಗಟಿ, ಪಂಚನಹಳ್ಳಿ, ಸಿಂಗಟಗೆರೆ ಕಡೆಯ ಬಯಲುಸೀಮೆಯಲ್ಲಿ, ಮಳೆ ನಂಬಿದ ಸಣ್ಣ ಕೆರೆಗಳೇ ಊರಿನ ಜೀವ. ಬರಗಾಲದಲ್ಲಿ ಅಲ್ಲಿನ ತೆಂಗಿನ ತೋಟಗಳು ಸುಳಿ ಒಣಗಿ ನಿಲ್ಲುವುದು ನಿಮಗೆಲ್ಲ ಗೊತ್ತಿರುವುದೇ. ಹೀಗಾಗಿ ಶಿಬಿರಕ್ಕೆ ಕೆರೆ ಕೆಲಸ ಆರಿಸಿಕೊಳ್ಳುವುದು ಸಹಜ, ಸರಿಯೂ ಹೌದು. ಆದರೆ ಏಳು ದಿನದಲ್ಲಿ ಆಗುವುದೇನು? ಏರಿಯ ಮೇಲಿನ ಗಿಡಗಂಟಿ ಕಡಿಯುತ್ತಾರೆ, ಕಲ್ಯಾಣಿಯ ಮೆಟ್ಟಿಲು ತೊಳೆಯುತ್ತಾರೆ, ಕೋಡಿಯ ಬಳಿ ಸಸಿ ನೆಡುತ್ತಾರೆ. ಕೆರೆಗೆ ನೀರು ಬಾರದಿರುವುದಕ್ಕೆ ಕಾರಣ ಏರಿಯ ಮೇಲಿನ ಪೊದೆಯಲ್ಲ. ಮೇಲಿನಿಂದ ನೀರು ತರುವ ಕಾಲುವೆ ಯಾರದೋ ಜಮೀನಿನಲ್ಲಿ ಸೇರಿಹೋಗಿರುತ್ತದೆ. ಅದನ್ನು ಬಿಡಿಸಬೇಕಾದರೆ ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆ ತೆಗೆಸಬೇಕು, ಕಾಲುವೆಯ ಉದ್ದಕ್ಕೂ ನಡೆದು ನಕ್ಷೆಯ ಜೊತೆ ಹೋಲಿಸಬೇಕು, ಅರ್ಜಿ ಕೊಡಬೇಕು, ಅರ್ಜಿಯ ಬೆನ್ನು ಹತ್ತಬೇಕು. ಕೆರೆ ತುಂಬಿದ ವರ್ಷವೂ ಅಚ್ಚುಕಟ್ಟಿನ ಕೊನೆಗೆ ನೀರು ಹೋಯಿತೇ ಎಂದು ನೋಡಬೇಕು; ತೂಬಿನ ಹತ್ತಿರದ ಗದ್ದೆ ಒಬ್ಬರದಾದರೆ ಕೊನೆಯ ತುಂಡು ಜಮೀನು ಇನ್ನೊಬ್ಬರದು, ಆ ಇನ್ನೊಬ್ಬರು ಯಾವ ಕೇರಿಯವರು ಎಂಬುದನ್ನು ಹಳ್ಳಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಕೆಲಸಕ್ಕೆ ಎರಡು ಮೂರು ವರ್ಷ ಬೇಕು. ಗಂಟೆಯ ಪಟ್ಟಿಯಲ್ಲಿ ಇದಕ್ಕೆ ಬೀಳುವುದು ನಾಲ್ಕಾರು ಗಂಟೆ. ಫೋಟೊದಲ್ಲಿ ಕಾಣುವುದು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕಾಯುತ್ತ ಕೂತ ಇಬ್ಬರು ಹುಡುಗಿಯರು. ಪೊದೆ ಕಡಿದವರು ಪ್ರಶಸ್ತಿಯ ಪಟ್ಟಿಗೆ ಬರುತ್ತಾರೆ, ಕಾಲುವೆ ಬಿಡಿಸಿದವರು ಬರುವುದಿಲ್ಲ. ಇದು ಯಾರೊಬ್ಬರ ಪಕ್ಷಪಾತದಿಂದ ಆದದ್ದಲ್ಲ, ಅಳತೆಗೋಲೇ ಹಾಗಿದೆ.

ಇದಕ್ಕೆ ಪರಿಹಾರ ಕ್ರೆಡಿಟ್ ಎನ್ನುವವರಿದ್ದಾರೆ. ಎನ್ನೆಸ್ಸೆಸ್ಸನ್ನು ಐಚ್ಛಿಕ ವಿಷಯವಾಗಿಸುವ ಮಾತು ಯುಜಿಸಿಯಿಂದ 2015ರಲ್ಲೇ ಬಂದಿತ್ತು. 2021-22ರಿಂದ ನಮ್ಮ ರಾಜ್ಯದ ಪದವಿ ತರಗತಿಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಡೆದಷ್ಟು ಕಾಲ ಇಂಥ ಚಟುವಟಿಕೆಗೆ ಕ್ರೆಡಿಟ್ ಕೊಟ್ಟದ್ದೂ ಆಯಿತು. ಕ್ರೆಡಿಟ್ ಬಂದರೆ ಮಕ್ಕಳು ಗಂಭೀರವಾಗಿ ತೊಡಗುತ್ತಾರೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಾಜರಾತಿ ಖಂಡಿತ ಹೆಚ್ಚುತ್ತದೆ. ಮೆಕ್ಸಿಕೊದಲ್ಲಿ ಪದವಿ ಕೈಗೆ ಬರಬೇಕಾದರೆ ಕನಿಷ್ಠ 480 ಗಂಟೆ ಸಮಾಜಸೇವೆ ಮಾಡಲೇಬೇಕು, ಅಲ್ಲಿ ಈ ಕಡ್ಡಾಯಕ್ಕೆ 1945ರಿಂದಲೂ ಕಾನೂನಿನ ಬಲವಿದೆ. ಆದರೆ ಕ್ರೆಡಿಟ್ಟೂ ಗಂಟೆಯನ್ನೇ ಎಣಿಸುತ್ತದೆ, ಮೆಕ್ಸಿಕೊದ ಕಾನೂನೂ ಗಂಟೆಯನ್ನೇ ಎಣಿಸುತ್ತದೆ. ಮಾಪನದ ದೋಷವನ್ನು ಅದೇ ಮಾಪನವನ್ನು ಕಡ್ಡಾಯ ಮಾಡಿ ತಿದ್ದಲು ಬರುವುದಿಲ್ಲ. ಕ್ರೆಡಿಟ್‌ವಾದಿಗಳು ಈ ಸರಳ ಆಕ್ಷೇಪಕ್ಕೆ ಇವತ್ತಿನವರೆಗೆ ನೇರ ಉತ್ತರ ಕೊಟ್ಟಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ನಿಜವಾದ ಪ್ರಶ್ನೆ ಬೇರೆ. ಊರನ್ನೇ ಸಾಕ್ಷಿ ಕೇಳಿದರೆ ಊರಿನ ಬಲಾಢ್ಯರೇ ಸಾಕ್ಷಿ ಹೇಳುತ್ತಾರಲ್ಲ? ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಸುದ್ದಿ ನಾಡೆಲ್ಲ ಓದಿತು. ಕೆಲಸಕ್ಕೆ ಬಂದ ದಲಿತ ಯುವಕನೊಬ್ಬ ಗೊಲ್ಲರಹಟ್ಟಿಯೊಳಗೆ ಕಾಲಿಟ್ಟನೆಂದು ಅವನ ಮೇಲೆ ಹಲ್ಲೆಯಾಯಿತು. ದಲಿತ ಸಂಘಟನೆಗಳು ಪೊಲೀಸರ ಕಾವಲಿನಲ್ಲಿ ಹಟ್ಟಿ ಪ್ರವೇಶಿಸಿದಾಗ ಗುಡಿಗೆ ಬೀಗ ಬಿದ್ದಿತ್ತು. ಅಂಥ ಕಡೆ ಎನ್ನೆಸ್ಸೆಸ್ ಘಟಕವೊಂದು ಪ್ರವೇಶದ ಪ್ರಶ್ನೆಯನ್ನೇ ಎತ್ತಿಕೊಂಡು ಒಂದು ವರ್ಷ ಮನೆಮನೆ ಮಾತಾಡಿತೆನ್ನಿ. ವರ್ಷದ ಕೊನೆಗೆ ಗ್ರಾಮಸಭೆ ಆ ಮಕ್ಕಳಿಗೆ ಹಾರ ಹಾಕುತ್ತದೆಯೇ? ಹಾಕುವುದಿಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹೊರಗಿಡುವ ಪದ್ಧತಿಯ ಮಾತೂ ಇಷ್ಟೇ. 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಅದನ್ನು ನಿಷೇಧಿಸಿದೆ ಎಂದು ಹೇಳಹೋದ ಹುಡುಗಿಯನ್ನು ಆ ಹೊತ್ತಿಗೆ ಅಲ್ಲಿನ ಹಿರಿಯರು ಮೆಚ್ಚಲಾರರು. ಹಾಗೆಂದು ಹಟ್ಟಿಯವರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದೂ ಅನ್ಯಾಯ. ಅವರೂ ಶಾಲೆ, ರಸ್ತೆ, ನೀರು ಎಲ್ಲದರಲ್ಲೂ ಕೊನೆಗೆ ನಿಂತವರೇ. ಹಟ್ಟಿಗೆ ಕಾನೂನಿನ ಕರಪತ್ರ ಹಿಡಿದುಹೋಗುವ ಘಟಕ ಹಟ್ಟಿಯ ರಸ್ತೆಯ ಅರ್ಜಿಯನ್ನೂ ಹಿಡಿದು ಹೋಗಬೇಕು.

ಈ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೆ: ನಾನು ಕೇಳುತ್ತಿರುವುದು ಊರಿನ ಒಪ್ಪಿಗೆಯಲ್ಲ, ಊರಿನ ಸಾಕ್ಷಿ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರು ಬಹುಮತಕ್ಕೆ ತಲೆಬಾಗಬೇಕಿಲ್ಲ. ಅಚ್ಚುಕಟ್ಟಿನ ಕೊನೆಯ ರೈತ, ಹೊರಗೆ ಕೂತಿದ್ದ ಬಾಣಂತಿ, ಹಟ್ಟಿಯ ಅಂಚಿನಲ್ಲಿ ತಡೆಯಲ್ಪಟ್ಟ ಕೂಲಿಯವನು, ಇವರ ಹೇಳಿಕೆ ಕಡತದಲ್ಲಿ ಇರಬೇಕು. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಇರಲಿ. ಅದರ ಜೊತೆಗೆ ಕಾಗದದ ಸಾಕ್ಷಿ: ಕೊಟ್ಟ ಅರ್ಜಿ, ಬಂದ ಉತ್ತರ, ಗ್ರಾಮಸಭೆಯ ನಡವಳಿ, ಅದರಲ್ಲಿ ದಾಖಲಾದ ವಿರೋಧವೂ ಸೇರಿ. ಇದು ಆಗದ ಹೋಗದ ಮಾತಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಕೆಲಸದ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ಕೂಲಿ ಪಡೆದವರನ್ನೇ ಕೇಳಿ, ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡುವ ಕ್ರಮ ಹಳ್ಳಿಗಳಿಗೆ ಪರಿಚಯವಾಯಿತು. ಸರ್ಕಾರದ ಕಾಮಗಾರಿಗೆ ಒಗ್ಗಿದ ಪರಿಶೋಧನೆ ಕಾಲೇಜಿನ ಶ್ರಮದಾನಕ್ಕೆ ಯಾಕೆ ಒಗ್ಗಬಾರದು?

ಇಲ್ಲಿ ಎರಡು ಬಣದವರು ಒಟ್ಟಿಗೆ ಸಿಟ್ಟಾಗುತ್ತಾರೆ. ಒಂದು, ಸೇವೆಯೆಂದರೆ ರಾಜಕೀಯದಿಂದ ದೂರವಿರಬೇಕೆನ್ನುವ ಆಡಳಿತದವರು. ಕಾಲುವೆ ಒತ್ತುವರಿ, ಹಟ್ಟಿಯ ಪ್ರವೇಶ ಇವೆಲ್ಲ ಅವರ ಕಣ್ಣಿಗೆ ರಾಜಕೀಯ. ಪಕ್ಷದ ಬಾವುಟ ಶಿಬಿರಕ್ಕೆ ಬರಬಾರದು, ಒಪ್ಪುತ್ತೇನೆ. ಆದರೆ ಅಸ್ಪೃಶ್ಯತೆ ರದ್ದಾಗಿರುವುದು ಸಂವಿಧಾನದ 17ನೇ ವಿಧಿಯಲ್ಲಿ. ಅದನ್ನು ಹಳ್ಳಿಗೆ ಒಯ್ಯುವುದು ಪಕ್ಷದ ಕೆಲಸವಾದದ್ದು ಯಾವಾಗ? ಇನ್ನೊಂದು ಬಣ ಇದಕ್ಕೆ ತದ್ವಿರುದ್ಧ. 1960ರ ದಶಕದ ವಿದ್ಯಾರ್ಥಿ ಅಶಾಂತಿಯನ್ನು ತಣಿಸಲೆಂದೇ ಎನ್ನೆಸ್ಸೆಸ್ ಹುಟ್ಟಿತು, ಪದಕ ಕೊಟ್ಟು ಪ್ರಶ್ನೆ ಕಿತ್ತುಕೊಳ್ಳುವ ಹೂಟ ಇದು ಎನ್ನುತ್ತಾರೆ. ಅವರು ತೋರಿಸುವ ಉದಾಹರಣೆ ತರೀಕೆರೆಗೆ ತೀರ ಹತ್ತಿರದ್ದು. 1973ರ ಬೂಸಾ ಪ್ರಕರಣದ ಕಾವಿನಲ್ಲಿ ದಲಿತ ವಿದ್ಯಾರ್ಥಿಗಳು ಎಚ್ಚೆತ್ತರು, ಅದರ ಬೆನ್ನಿಗೇ ಪಕ್ಕದ ಭದ್ರಾವತಿಯಲ್ಲಿ ಕಾಲೇಜು ಅಧ್ಯಾಪಕ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ಎದುರಿಸಿದವರು ಅದೇ ಸಮಿತಿಯವರು. ಅಲ್ಲಿ ಯಾರಿಗೂ ಪದಕವಿರಲಿಲ್ಲ, ಏಟು ಸಿಕ್ಕಿತು. ಈ ಚರಿತ್ರೆ ಅಲ್ಲಗಳೆಯಲಾಗದ್ದು. ಆದರೆ ಅದರಿಂದ ತೆಗೆಯುವ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಚಳವಳಿ ಇಲ್ಲದ ವರ್ಷಗಳಲ್ಲಿ, ಚಳವಳಿಯ ಮನೆತನದಿಂದ ಬಾರದ ಸಾಮಾನ್ಯ ವಿದ್ಯಾರ್ಥಿನಿ ಊರಿನ ಅನ್ಯಾಯವನ್ನು ಮೊದಲ ಸಲ ಹತ್ತಿರದಿಂದ ನೋಡುವುದು ಇಂಥ ಶಿಬಿರದಲ್ಲೇ. ನೋಡಿದ್ದನ್ನು ವರದಿಯಲ್ಲಿ ಬರೆಯಲು ಬಿಡದ ನಮೂನೆಯನ್ನು ಬದಲಿಸಿ ಎಂದು ನಾನು ಕೇಳುತ್ತೇನೆ. ಶಿಬಿರವನ್ನೇ ತಿರಸ್ಕರಿಸಿ ಎಂದು ಅವರು ಹೇಳುತ್ತಾರೆ. ತಿರಸ್ಕಾರ ಸುಲಭದ ಕೆಲಸ.

ಸೇವೆಗೆ ಪ್ರಶಸ್ತಿಯೇ ಬೇಡ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಸಜ್ಜನರೂ ಇದ್ದಾರೆ. ದತ್ತಿಯ ಹಿರಿಯರ ಒಲವೂ ಬಹುಶಃ ಇತ್ತಲೇ ಇದ್ದೀತು. ಸೌಜನ್ಯದಿಂದಲೇ ಭಿನ್ನಮತ ಹೇಳುತ್ತೇನೆ. ದಾನಕ್ಕೆ ಆ ಮಾತು ಚೆನ್ನ. ಕಾಲುವೆ ಬಿಡಿಸಲು ಹೊರಟವರು ಮರೆಯಲ್ಲಿ ಇದ್ದರೆ ಒಂಟಿಯಾಗುತ್ತಾರೆ. ಗೌರವ ಅವರಿಗೆ ರಕ್ಷಣೆ. ಅಮೆರಿಕದ ಕ್ಯಾಂಪಸ್ ಕಾಂಪ್ಯಾಕ್ಟ್ ಎಂಬ ಕಾಲೇಜುಗಳ ಒಕ್ಕೂಟ, 1985ರಲ್ಲಿ ಹುಟ್ಟಿದ್ದು, ಫ್ರಾಂಕ್ ನ್ಯೂಮನ್ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುತ್ತದೆ. ಅಲ್ಲಿ ಆಯ್ಕೆಯಾದ ಮೇಲೆ ಒಂದು ವರ್ಷದ ತರಬೇತಿ, ಮಾರ್ಗದರ್ಶನ ಇರುತ್ತದೆ. ಕೆಲಸ ಮುಗಿದ ಮೇಲೆ ಕೊಡುವ ಬಿರುದಲ್ಲ ಅದು, ಮುಂದುವರಿಸಲು ಕೊಡುವ ಬೆಂಬಲ. ನಮ್ಮಲ್ಲಿ ಪದಕ ಬರುವ ಹೊತ್ತಿಗೆ ವಿದ್ಯಾರ್ಥಿ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ.

ಆದ್ದರಿಂದ ಗೌರವ ವ್ಯಕ್ತಿಗಿಂತ ಘಟಕಕ್ಕೆ, ವರ್ಷಕ್ಕಿಂತ ವರ್ಷಗಳ ಕೆಲಸಕ್ಕೆ ಸಲ್ಲಬೇಕು. ಅದಕ್ಕೆ ತಕ್ಕ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರು 2002ರ ಹೊತ್ತಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದು ನೆಲೆಸಿದರು. ದೇಶದಲ್ಲೇ ಯಶಸ್ವಿ ಪುನರ್ವಸತಿಯೆಂದು ಅದನ್ನು ಎತ್ತಿ ತೋರಿಸುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳು ಈಗ ಕಾಲೇಜಿಗೆ ಬರುವ ವಯಸ್ಸಿನವರು. ಆ ಯಶಸ್ಸು ಎರಡನೆಯ ತಲೆಮಾರಿಗೆ ಎಷ್ಟು ದಕ್ಕಿದೆ ಎಂದು ಮನೆಮನೆ ಕೇಳಿ ಬರೆದಿಡುವುದು ಒಂದು ಘಟಕಕ್ಕೆ ಮೂರು ವರ್ಷದ ಕೆಲಸ. ಅಜ್ಜಂಪುರದ ಬಳಿ ಸುರಂಗ ಕೊರೆದು ಹೋದ ಭದ್ರಾ ಮೇಲ್ದಂಡೆಯ ದಾರಿಯಲ್ಲಿ ಜಮೀನು ಬಿಟ್ಟುಕೊಟ್ಟವರಿದ್ದಾರೆ. ಪರಿಹಾರದ ಕಾಗದ ಓದಿ ಹೇಳುವವರು ಅವರಿಗೆ ಬೇಕು. ಓದಿ ಹೇಳಬಲ್ಲ ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ.

ಸಭೆಯಲ್ಲಿರುವ ಪ್ರಾಂಶುಪಾಲರಲ್ಲಿ, ಕಾರ್ಯಕ್ರಮಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ರಾಷ್ಟ್ರಪ್ರಶಸ್ತಿಯ ನಮೂನೆ ದೆಹಲಿಯಲ್ಲಿ ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಮ ಕಾಲೇಜು ಕೊಡುವ ಬಹುಮಾನದ ನಿಯಮ ನಿಮ್ಮ ಕೈಯಲ್ಲೇ ಇದೆ. ದತ್ತು ಗ್ರಾಮವನ್ನು ಮೂರು ವರ್ಷ ಬದಲಿಸಬೇಡಿ. ಶಿಬಿರದ ವರದಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮುನ್ನ ಗ್ರಾಮಸಭೆಯಲ್ಲಿ ಓದಿಸಿ, ಅಲ್ಲಿ ಬಂದ ಆಕ್ಷೇಪಗಳನ್ನು ವರದಿಗೇ ಲಗತ್ತಿಸಿ. ಈ ದತ್ತಿಯಿಂದ ವರ್ಷವರ್ಷ ಕೊಡುವ ಬಹುಮಾನಕ್ಕೂ ಇದೇ ನಿಯಮ ಇರಲಿ ಎಂದು ದತ್ತಿಯ ಕುಟುಂಬದವರನ್ನು ಕೇಳಿಕೊಳ್ಳುತ್ತೇನೆ.